ಬಂದ ಉದ್ದೇಶ: ಪರೀಕ್ಷಾ

ಶನಿವಾರ ರಾತ್ರಿ ಒಂಬತ್ತರ ಸುಮಾರು. ಧಾರವಾಡದ ಹಳೇ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಲಾಡ್ಜಿನ ಮೆಟ್ಟಿಲು ಹತ್ತಿ ನೋಡಿ. ಕೌಂಟರಿನ ಮುಂದೆ ಏಳೆಂಟು ಹುಡುಗರು ಬೆನ್ನಿಗೆ ಬ್ಯಾಗು ಹಾಕಿಕೊಂಡೇ ನಿಂತಿರುತ್ತಾರೆ. ಒಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಹಾಲ್ ಟಿಕೆಟ್ಟು. ಪಕ್ಕದ ಬೆಂಚಿನ ಮೇಲೆ ಮಗಳನ್ನು ಕರೆದುಕೊಂಡು ಬಂದ ಅಪ್ಪ, ತೊಡೆಯ ಮೇಲೆ ಬುತ್ತಿ ಗಂಟು. ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಯ ವಾಸನೆ ಇಡೀ ಹಜಾರಕ್ಕೆ ಹಬ್ಬಿದೆ.

"ಯಜಮಾನ್ರ, ರೂಂ ಅದಾವೇನ್ರಿ?"

"ನಾಳೆ ಪರೀಕ್ಷಾ ಐತಲ್ರಿ, ಎಲ್ಲಾ ಫುಲ್. ಡಬಲ್ ರೂಮಿನ್ಯಾಗ ನಾಲ್ಕು ಮಂದಿ ಹೊಂದಿಕೊಂಡು ಇರ್ತೀರೇನು? ಹಾಸಿಗಿ ಒಂದು ಹೆಚ್ಚಿಗಿ ಕೊಡ್ತೀನಿ."

ಒಬ್ಬರನ್ನೊಬ್ಬರು ಅಲ್ಲಿಯವರೆಗೆ ನೋಡದ ನಾಲ್ವರು ಹೂಂ ಅನ್ನುತ್ತಾರೆ. ಒಬ್ಬ ಹಿರೇಕೆರೂರಿನವ, ಒಬ್ಬ ನಮ್ಮ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಕಡೆಯವ, ಇಬ್ಬರು ಬಾಗಲಕೋಟೆ ಜಿಲ್ಲೆಯವರು. ದಪ್ಪ ರಟ್ಟಿನ ರಿಜಿಸ್ಟರು ತಿರುಗುತ್ತದೆ. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ. ಕೊನೆಗೊಂದು ಕಾಲಂ: ಬಂದ ಉದ್ದೇಶ. ನಾಲ್ವರೂ ಒಂದೇ ಪದ ಬರೆಯುತ್ತಾರೆ.

ಮೋಟೆಬೆನ್ನೂರಿನಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಹಾವೇರಿ, ಶಿಗ್ಗಾವಿ, ಹುಬ್ಬಳ್ಳಿ ದಾಟಿದರೆ ಧಾರವಾಡ. ದೂರವೇನೂ ಅಲ್ಲ. ಆದರೆ ಬೆಳಗಿನ ಪರೀಕ್ಷೆಗೆ ಮನೆಯಿಂದ ಹೊರಟು ಮುಟ್ಟುತ್ತೇನೆಂಬ ಧೈರ್ಯ ಯಾರಿಗೂ ಇಲ್ಲ. ಹೀಗಾಗಿ ನಮ್ಮ ಭಾಗದ ಓದಿದ ಪ್ರತಿ ಮನೆಯಲ್ಲೂ ಧಾರವಾಡದ ಒಂದು ರಾತ್ರಿಯ ನೆನಪು ಇದ್ದೇ ಇರುತ್ತದೆ. ವಿದ್ಯಾಕಾಶಿ ಎಂದು ಭಾಷಣದಲ್ಲಿ ಕರೆಯುವ ಊರನ್ನು ಹೆಚ್ಚಿನವರು ಮೊದಲು ಕಂಡಿದ್ದು ಲಾಡ್ಜಿನ ಕಿಟಕಿಯಿಂದಲೇ.

ಜಿಲ್ಲಾ ಕೇಂದ್ರವಿದ್ದ ಕಾಲ

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿಯವರೆಗೆ ಬ್ಯಾಡಗಿ, ರಾಣೇಬೆನ್ನೂರು, ಹಾನಗಲ್ಲು ಎಲ್ಲವೂ ಧಾರವಾಡ ಜಿಲ್ಲೆಯ ತಾಲೂಕುಗಳು. ಡಿಸಿ ಕಚೇರಿ ಅಲ್ಲಿ, ಜಿಲ್ಲಾ ನ್ಯಾಯಾಲಯ ಅಲ್ಲಿ, ಕಾಲೇಜೂ ಅಲ್ಲಿ. ಹೊಲದ ದಾವೆಗೆ ಹೋದ ಅಪ್ಪ ಮತ್ತು ಬಿ.ಎ. ಓದುತ್ತಿದ್ದ ಮಗ ಒಂದೇ ಖಾನಾವಳಿಯಲ್ಲಿ ಎದುರುಬದುರು ಕೂತು ಉಂಡ ಕಥೆಗಳನ್ನು ಹಿರಿಯರು ಇನ್ನೂ ಹೇಳುತ್ತಾರೆ.

ಊರು ಓದಿನ ಊರಾಗಿದ್ದು ವಿಶ್ವವಿದ್ಯಾಲಯಕ್ಕಿಂತ ಬಹಳ ಮೊದಲು. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಮಾತ್ರ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಅದೂ ಒಂದು ಲೆಕ್ಕದಲ್ಲಿ ಬಾಡಿಗೆ ರೂಮಿನಿಂದ ಸ್ವಂತ ಮನೆಗೆ ಬಂದ ಹಾಗೆಯೇ. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಗುಡ್ಡದ ಮೇಲಿನ ಕ್ಯಾಂಪಸ್ಸು ಎದ್ದಿತು. ಈಗ ಅದರ ಹೆಸರೇ ಪಾವಟೆ ನಗರ.

ಓದಲು ಬಂದವರು ಎಲ್ಲಿ ಉಳಿಯಬೇಕು? ಇದಕ್ಕೆ ಆ ಕಾಲದ ಉತ್ತರಗಳು ಹಲವು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯದಲ್ಲಿ ಊಟ, ವಸತಿ ಎರಡೂ ಉಚಿತ. ಹಳ್ಳಿಯ ಒಕ್ಕಲು ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದರ ಹಿಂದೆ ಆ ಪ್ರಸಾದದ ಪಾಲು ದೊಡ್ಡದು. ತುಸು ಅನುಕೂಲವಿದ್ದವರು ನಾಲ್ವರು ಕೂಡಿ 'ರೂಂ ಮಾಡಿಕೊಂಡು' ಇರುತ್ತಿದ್ದರು. ಊರಿನಿಂದ ಜೋಳದ ಚೀಲ, ಬ್ಯಾಡಗಿ ಮೆಣಸಿನಕಾಯಿಯ ಖಾರದ ಡಬ್ಬಿ ಬಸ್ಸಿನ ಮೇಲೆ ಬರುತ್ತಿತ್ತು. ಸವಣೂರಿನ ವಿ.ಕೃ. ಗೋಕಾಕ, ಅದೇ ತಾಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ, ಇಬ್ಬರೂ ಹೀಗೆ ನಮ್ಮ ಸೀಮೆಯಿಂದ ಧಾರವಾಡಕ್ಕೆ ಓದಲು ಹೋದವರೇ.

ಮಾಡವೇ ಬೀದಿಯ ಮೇಲೆ ಬಂದ ಊರು

ವಿದ್ಯಾರ್ಥಿಗಳು ಬಂದು ತುಂಬಿಕೊಂಡರೆ ಊರಿನ ಮೈಕಟ್ಟೇ ಬದಲಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಇಟಲಿಯ ಬೊಲೋನ್ಯಾಕ್ಕೆ ಹೋಗಬೇಕು.

ಅಲ್ಲಿನ ವಿಶ್ವವಿದ್ಯಾಲಯ ತನ್ನ ಹುಟ್ಟಿದ ವರ್ಷ 1088 ಎಂದು ಹೇಳಿಕೊಳ್ಳುತ್ತದೆ. ಯುರೋಪಿನಲ್ಲಿ ಅದಕ್ಕಿಂತ ಹಳೆಯದಿಲ್ಲ ಎಂಬುದು ವಾಡಿಕೆಯ ಮಾತು. ಕಾನೂನು ಕಲಿಯಲು ದೇಶದೇಶಗಳಿಂದ ಹುಡುಗರು ಬಂದರು. ಆಗ ಕ್ಯಾಂಪಸ್ಸೂ ಇರಲಿಲ್ಲ, ಹಾಸ್ಟೆಲ್ಲೂ ಇರಲಿಲ್ಲ. ಎಲ್ಲರೂ ಊರವರ ಮನೆಯಲ್ಲಿ ಬಾಡಿಗೆಗೆ. ಬಾಡಿಗೆ ಬರುತ್ತದೆಂದರೆ ಮನೆ ಮಾಲೀಕ ಸುಮ್ಮನಿರುತ್ತಾನೆಯೇ? ಜಾಗ ಸಾಲದೆ ಮೇಲ್ಮಾಡವನ್ನು ಮುಂದಕ್ಕೆ ಚಾಚಿ ಬೀದಿಯ ಮೇಲೊಂದು ಕೋಣೆ ಕಟ್ಟಿದ. ಚಾಚಿದ ಮಾಡ ಬೀಳದಂತೆ ಕೆಳಗೆ ಕಂಬ ನಿಲ್ಲಿಸಿದ. ಒಬ್ಬ ಮಾಡಿದ್ದನ್ನು ಎಲ್ಲರೂ ಮಾಡಿದರು. ಕೊನೆಗೆ 1288ರಲ್ಲಿ ಊರಾಡಳಿತವೇ ಹೊಸ ಮನೆಗಳಿಗೆ ಇಂಥ ಕಂಬಸಾಲಿನ ಮೊಗಸಾಲೆ ಇರಲೇಬೇಕು, ಅದರ ಕೆಳಗಿನ ಜಾಗ ಜನರ ಓಡಾಟಕ್ಕೆ ತೆರೆದಿರಬೇಕು ಎಂದು ಕಟ್ಟಳೆ ಮಾಡಿತು. ಇಂದು ಹಳೆಯ ನಗರದೊಳಗೇ ಸುಮಾರು 38 ಕಿಲೋಮೀಟರು ಉದ್ದದ ಮೊಗಸಾಲೆಗಳಿವೆ. ಮಳೆ ಬಂದರೂ ಕೊಡೆ ಬೇಡ. 2021ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಡಿಗೆಯ ಆಸೆಯೂ ಆ ಪರಂಪರೆಯ ಬುನಾದಿಯಲ್ಲಿದೆ ಎಂಬುದನ್ನು ಪ್ರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ.

ಬಾಡಿಗೆ ಏರಿದಾಗ ಜಗಳವೂ ಆಯಿತು. ಅದನ್ನು ಬಗೆಹರಿಸಿದ ರೀತಿ ಮಾತ್ರ ನಮ್ಮ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆಗಿರುವ ಹುಡುಗರು ಕೇಳಿದರೆ ಹೊಟ್ಟೆಕಿಚ್ಚು ಪಡುವಂಥದ್ದು. ವಿದ್ಯಾರ್ಥಿಗಳ ಕಡೆಯಿಂದ ಇಬ್ಬರು, ಊರವರ ಕಡೆಯಿಂದ ಇಬ್ಬರು, ಒಟ್ಟು ನಾಲ್ವರ ಪಂಚಾಯಿತಿ ಕೂತು ಬಾಡಿಗೆ ಗೊತ್ತುಮಾಡುತ್ತಿತ್ತು. ಅದಕ್ಕೆ ಬಗ್ಗದ ಮಾಲೀಕನ ಮನೆಗೆ ಯಾವ ವಿದ್ಯಾರ್ಥಿಯೂ ಹೋಗುವ ಹಾಗಿಲ್ಲ. ಊರಿನೊಂದಿಗೆ ತೀರಾ ಸರಿಹೋಗದಿದ್ದರೆ ಗುರುಶಿಷ್ಯರು ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೊರಟುಬಿಡುತ್ತಿದ್ದರು. 1222ರಲ್ಲಿ ಪಾದುವಾದ ವಿಶ್ವವಿದ್ಯಾಲಯ ಶುರುವಾಗಿದ್ದು ಬೊಲೋನ್ಯಾದಿಂದ ಹಾಗೆ ಎದ್ದುಬಂದವರಿಂದಲೇ. ಅದೇ ಪಾದುವಾದಲ್ಲಿ 1592ರಿಂದ 1610ರವರೆಗೆ ಮೇಷ್ಟರಾಗಿದ್ದ ಗೆಲಿಲಿಯೊ, ಸಂಬಳ ಸಾಲದೆ ತನ್ನ ಮನೆಯಲ್ಲೇ ವಿದ್ಯಾರ್ಥಿಗಳನ್ನು ಬಾಡಿಗೆಗೆ ಇಟ್ಟುಕೊಂಡಿದ್ದ. ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ಮೊದಲು ಕಂಡಾತ ಒಬ್ಬ ಪಿಜಿ ಮಾಲೀಕನೂ ಆಗಿದ್ದ!

ಕಲಿಯುವವರಿಗೆ ಆಸರೆ ಕೊಟ್ಟ ಊರು ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೊಲೋನ್ಯಾದ ವಿದ್ಯಾರ್ಥಿಗಳಿಗೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ರಕ್ಷಣೆಯ ಶಾಸನ ಕೊಟ್ಟಿದ್ದು 12ನೆಯ ಶತಮಾನದ ನಡುವಿನಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1162ರಲ್ಲಿ, ನಮ್ಮ ಪಕ್ಕದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕಲ್ಲಿನ ಮೇಲೊಂದು ಶಾಸನ ಕೆತ್ತಿದರು. ಅಲ್ಲಿನ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದರು. ಬಡವರು, ಕುಂಟರು, ಕುರುಡರು, ಹಾಡುಗಾರರು ಯಾರೇ ಬಂದರೂ ಅನ್ನ ಸಿಗುತ್ತಿತ್ತು, ಕಾಯಿಲೆಯವರಿಗೆ ಔಷಧ ಸಿಗುತ್ತಿತ್ತು ಎಂದು ಆ ಕಲ್ಲು ಹೇಳುತ್ತದೆ. ಪಾಠಶಾಲೆ, ಛತ್ರ, ದವಾಖಾನೆ ಮೂರೂ ಒಂದೇ ಅಂಗಳದಲ್ಲಿ. ಧಾರವಾಡದಲ್ಲಿ ಇವತ್ತು ಈ ಮೂರಕ್ಕೂ ಬೇರೆ ಬೇರೆ ಆಟೋ ಹಿಡಿಯಬೇಕು.

ಇಪ್ಪತ್ತನಾಲ್ಕು ತಾಸಿನ ಲೆಕ್ಕ

ಮತ್ತೆ ಲಾಡ್ಜಿಗೆ ಬರೋಣ. ಬಸ್ ನಿಲ್ದಾಣದ ಲಾಡ್ಜು ನಡೆಯುವುದಕ್ಕೆ ತನ್ನದೇ ವ್ಯಾಕರಣವಿದೆ. ಕಾಮನ್ ಬಾತ್‌ರೂಮಿನ ಕೋಣೆ ಅಗ್ಗ, ಅಟ್ಯಾಚ್ಡ್ ತುಸು ದುಬಾರಿ. ಬಿಸಿನೀರು ಬೆಳಿಗ್ಗೆ ಇಂತಿಷ್ಟರವರೆಗೆ ಮಾತ್ರ. ಆ ಹೊತ್ತು ಮೀರಿತೋ, ರೂಂ ಬಾಯ್ ಬಕೆಟ್ಟಿನಲ್ಲಿ ತಂದರೆ ಉಂಟು. ಬೀದಿ ಕಡೆಯ ಕೋಣೆಯಲ್ಲಿ ಗಾಳಿ ಇರುತ್ತದೆ, ನಿದ್ದೆ ಇರುವುದಿಲ್ಲ. ಒಳಗಿನ ಕೋಣೆಯಲ್ಲಿ ನಿದ್ದೆಗೆ ಅಡ್ಡಿಯಿಲ್ಲ, ಗಾಳಿ ಇರುವುದಿಲ್ಲ. ಪರೀಕ್ಷೆಗೆ ಬಂದವರು ಒಳಗಿನದನ್ನೇ ಕೇಳುವುದು ಜಾಣತನ.

ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟು ಎಂದಲ್ಲ, ಚೆಕ್ಔಟ್ ಯಾವಾಗ ಎಂದು. ಹಳೆಯ ಲಾಡ್ಜುಗಳಲ್ಲಿ ಇಪ್ಪತ್ತನಾಲ್ಕು ತಾಸಿನ ಲೆಕ್ಕ: ಶನಿವಾರ ರಾತ್ರಿ ಎಂಟಕ್ಕೆ ಒಳಹೊಕ್ಕರೆ ಭಾನುವಾರ ರಾತ್ರಿ ಎಂಟರವರೆಗೆ ಕೋಣೆ ನಿಮ್ಮದೇ. ಬೆಳಗಿನ ಪೇಪರು, ಮಧ್ಯಾಹ್ನದ ಪೇಪರು ಎರಡೂ ಮುಗಿಸಿ ಬಂದು ಮುಖ ತೊಳೆದು ಊರ ಬಸ್ಸು ಹಿಡಿಯಬಹುದು. ಹೊಸ ಹೋಟೆಲುಗಳು, ಮೊಬೈಲ್ ಆ್ಯಪಿನಲ್ಲಿ ಸಿಗುವ ಕೋಣೆಗಳು, ಮಧ್ಯಾಹ್ನ ಹನ್ನೆರಡರ ಲೆಕ್ಕದವು. ನೀವು ರಾತ್ರಿ ಹನ್ನೊಂದಕ್ಕೆ ಬಂದರೂ ಮರುದಿನ ಹನ್ನೆರಡಕ್ಕೆ ಖಾಲಿ ಮಾಡಬೇಕು. ಪರೀಕ್ಷಾ ಹಾಲಿನಲ್ಲಿ ಕೂತವನು ಎದ್ದುಬಂದು ಖಾಲಿ ಮಾಡಲಾದೀತೇ? ಹಾಗಾಗಿ ಬೆಳಿಗ್ಗೆಯೇ ಬ್ಯಾಗು ಕೌಂಟರಿನಲ್ಲಿಟ್ಟು ಹೋಗುತ್ತಾನೆ. ಇಟಲಿಯಲ್ಲೂ ಹೀಗೆ ಗೊತ್ತಾದ ಹೊತ್ತಿನ ಲೆಕ್ಕವೇ: ಮಧ್ಯಾಹ್ನ ಎರಡೋ ಮೂರೋ ಗಂಟೆಯ ಮೇಲೆ ಪ್ರವೇಶ, ಮರುದಿನ ಹತ್ತು ಹನ್ನೊಂದಕ್ಕೆ ವಿದಾಯ. ರಾತ್ರಿ ಬಸ್ಸಿನ ಪ್ರಯಾಣಿಕನನ್ನು ಕಂಡು ರೂಢಿಯಾದ ನಮ್ಮ ಲಾಡ್ಜಿನ ಲೆಕ್ಕವೇ ನನಗೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ. ಗೋಡೆಯ ಬಣ್ಣ ಹೇಗಾದರೂ ಇರಲಿ.

ಒಮ್ಮೆ ನನಗೇ ಆದದ್ದು. ಊರಿನ ಹೆಸರು ಬೇಡ, ಲಾಡ್ಜಿನದಂತೂ ಬೇಡವೇ ಬೇಡ. ಫೋನಿನಲ್ಲಿ ಕಾಯ್ದಿರಿಸಿದ ಕೋಣೆ ಹೋಗುವಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ರಾತ್ರಿ ಹನ್ನೆರಡರ ಮೇಲೆ ಕೌಂಟರಿನ ಯಜಮಾನರು ತಮ್ಮ ಚಾಪೆಯನ್ನೇ ಬಿಟ್ಟುಕೊಟ್ಟರು. ಬೆಳಿಗ್ಗೆ ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ಕುಡಿಸಿದರು. ಕ್ಷಮೆ ಮಾತ್ರ ಕೇಳಲಿಲ್ಲ.

ಆ ರಿಜಿಸ್ಟರು ಏಕೆ

ಹೆಸರು, ವಿಳಾಸ, ಆಧಾರ್ ಝೆರಾಕ್ಸು ಎಲ್ಲ ಕೇಳುವುದು ಪೊಲೀಸರ ತಪಾಸಣೆಗೆ. ವಿದೇಶಿಯರು ಉಳಿದರೆ ಇಪ್ಪತ್ತನಾಲ್ಕು ತಾಸಿನೊಳಗೆ ಅವರ ವಿವರ ಕಳಿಸಬೇಕು. ಇಟಲಿಯಲ್ಲಿ ಸ್ವದೇಶಿ, ವಿದೇಶಿ ಎನ್ನದೆ ಪ್ರತಿ ಅತಿಥಿಯ ವಿವರವೂ ಪೊಲೀಸರಿಗೆ ಹೋಗುತ್ತದೆ. ಅದರ ಮೇಲೆ ಹಲವು ನಗರಗಳು ತಲೆಗೆ, ರಾತ್ರಿಗೆ ಇಂತಿಷ್ಟು ಎಂದು ಊರುತೆರಿಗೆಯನ್ನೂ ಎತ್ತುತ್ತವೆ.

ಈ ವ್ಯವಹಾರಕ್ಕೆ ಹಳೆಯ ಬೇರೊಂದಿದೆ. ಬ್ರಿಟಿಷರು 1867ರಲ್ಲಿ ಮಾಡಿದ ಸರಾಯ್ ಕಾಯ್ದೆ. ತಂಗುದಾಣ ನಡೆಸುವವನು ಹೆಸರು ನೋಂದಾಯಿಸಬೇಕು, ಕೋಣೆ, ಜಗಲಿ, ಚರಂಡಿ ಶುಚಿಯಾಗಿಡಬೇಕು, ಜನರೂ ದನಗಳೂ ಕುಡಿಯುವ ಬಾವಿ, ಹೊಂಡಗಳನ್ನು ಸ್ವಚ್ಛ ಮಾಡಿಸಬೇಕು, ಕಾವಲುಗಾರನನ್ನು ಇಡಬೇಕು, ದರಪಟ್ಟಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಚಕ್ಕಡಿಯ ಕಾಲದ ಕಾನೂನು ಅದು, ಎತ್ತುಗಳ ನೀರಿನ ಚಿಂತೆಯೂ ಅದರಲ್ಲಿತ್ತು. ದರಪಟ್ಟಿಯ ಮಾತಂತೂ ಇವತ್ತಿಗೂ ನೆನಪಿಸಬೇಕಾದದ್ದು, ದೊಡ್ಡ ಪರೀಕ್ಷೆಯ ಹಿಂದಿನ ರಾತ್ರಿ ಬಾಡಿಗೆ ಹೇಗೆ ಏರುತ್ತದೆಂದು ಬಲ್ಲವರಿಗೆ ಗೊತ್ತು.

ತೆರಿಗೆಯ ವಿಷಯ ಚಿಕ್ಕದಾಗಿ. ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ 12 ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿಯಿತು. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಲಾಡ್ಜಿನವರು ನೋಂದಣಿಯನ್ನೇ ಮಾಡಿಸಬೇಕಿಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ಜಿಎಸ್‌ಟಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಗಿರಾಕಿಯ ಕೆಲಸ.

ಇನ್ನೊಂದು ಸಂಗತಿ ನುಂಗಲಾರದ್ದು. ಒಬ್ಬಳೇ ಹುಡುಗಿ ಬಂದರೆ ಕೋಣೆ ಇಲ್ಲ ಎನ್ನುವ ಲಾಡ್ಜುಗಳು ಎಲ್ಲ ಊರಲ್ಲೂ ಇವೆ. ಹಾಗೆನ್ನಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹಜಾರದ ಬೆಂಚಿನಲ್ಲಿ ಬುತ್ತಿ ಹಿಡಿದು ಕೂತ ಅಪ್ಪ ಮಗಳಿಗೆ ದಾರಿ ತೋರಿಸಲು ಬಂದವನಲ್ಲ, ದಾರಿ ಅವಳಿಗೇ ಚೆನ್ನಾಗಿ ಗೊತ್ತು. ಅವನು ಬಂದಿರುವುದು ರಿಜಿಸ್ಟರಿನಲ್ಲಿ ಒಂದು ಗಂಡು ಹೆಸರು ಬರೆಯಲು. ಅವನ ಒಂದು ದಿನದ ಕೂಲಿ ಅಷ್ಟಕ್ಕೆ ಹೋಯಿತು. ಅಪ್ಪನಿಗೆ ಬಿಡುವಿಲ್ಲದ ಹುಡುಗಿಯರು ಪರಿಚಯದ ಗೆಳತಿಯ ಪಿಜಿಯಲ್ಲಿ ನೆಲದ ಮೇಲೆ ಮಲಗಿ ಬೆಳಗು ಮಾಡುತ್ತಾರೆ.

ಸಪ್ತಾಪುರದ ಮಂಚಗಳು

ಒಂದು ರಾತ್ರಿಯವರ ಕಥೆ ಲಾಡ್ಜಿನದಾದರೆ ಒಂದೆರಡು ವರ್ಷದವರ ಕಥೆ ಸಪ್ತಾಪುರ, ಶ್ರೀನಗರ, ಜಯನಗರಗಳದ್ದು. ಪಿಎಸ್‌ಐ, ಪಿಡಿಒ, ಕೆಎಎಸ್ ಎಂದು ತರಬೇತಿಗೆ ಬಂದ ಸಾವಿರಾರು ಹುಡುಗ ಹುಡುಗಿಯರು ಅಲ್ಲಿನ ಮನೆಮನೆಯ ಮಹಡಿಗಳಲ್ಲಿದ್ದಾರೆ. ಸಪ್ತಾಪುರ ಬಾವಿಯ ಸುತ್ತಮುತ್ತ ಗೋಡೆ ಕಾಣದಷ್ಟು ಕೋಚಿಂಗ್ ಬೋರ್ಡುಗಳು. ಇಲ್ಲಿ ಬಾಡಿಗೆಗೆ ಸಿಗುವುದು ಮನೆಯೂ ಅಲ್ಲ, ಕೋಣೆಯೂ ಅಲ್ಲ, ಒಂದು ಮಂಚ. ಮಂಚದ ಕೆಳಗೆ ಟ್ರಂಕು, ಮೇಲೆ ಪ್ರಚಲಿತ ವಿದ್ಯಮಾನಗಳ ಪುಸ್ತಕ. ಓದುವುದಕ್ಕೆ ಬೇರೆ ಜಾಗ: ತಿಂಗಳ ಲೆಕ್ಕದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ರೀಡಿಂಗ್ ರೂಮು. ಊಟಕ್ಕೆ ಮೆಸ್ಸಿನ ಕಾರ್ಡು. ಮಲಗುವ, ಓದುವ, ಉಣ್ಣುವ ಮೂರು ಕೆಲಸಕ್ಕೆ ಮೂವರು ಮಾಲೀಕರು.

ಬೊಲೋನ್ಯಾದಲ್ಲಿ ಮಾಡ ಬೀದಿಗೆ ಚಾಚಿತು. ನಮ್ಮಲ್ಲಿ ಮನೆ ಆಕಾಶಕ್ಕೆ ಚಾಚಿತು. ಹಂಚಿನ ಮನೆ ಕೆಡವಿ ನಾಲ್ಕು ಮಹಡಿ, ಪ್ರತಿ ಮಹಡಿಗೆ ಆರು ಕೋಣೆ, ಹೊರಗೊಂದು ಕಬ್ಬಿಣದ ಮೆಟ್ಟಿಲು. ಅಲ್ಲಿ ಕಂಬಸಾಲಿನ ನೆರಳಾದರೂ ದಾರಿಹೋಕರಿಗೆ ಸಿಕ್ಕಿತು. ಇಲ್ಲಿ ಗಟಾರದ ಮೇಲಿನ ಕಲ್ಲೂ ಬೈಕ್ ನಿಲ್ಲಿಸಲು ಹೋಯಿತು.

ಸರ್ಕಾರದ ಹಾಸ್ಟೆಲ್ಲುಗಳಲ್ಲಿ ಸೀಟು ಸಿಕ್ಕವರು ಪುಣ್ಯವಂತರು. ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಕೊಡುವ ಏರ್ಪಾಡಿದೆ. ಆದರೆ ಅದು ಕಾಲೇಜಿನಲ್ಲಿ ಹೆಸರಿದ್ದವರಿಗೆ. ಡಿಗ್ರಿ ಮುಗಿಸಿ ಮಂಚ ಹಿಡಿದು ಕೂತವನನ್ನು ವಿದ್ಯಾರ್ಥಿ ಎನ್ನುವ ಹಾಗೂ ಇಲ್ಲ, ನೌಕರ ಎನ್ನುವ ಹಾಗೂ ಇಲ್ಲ. ಅವನ ಪಾಲಿಗೆ ಆದ ಒಂದು ಅನುಕೂಲ 2024ರದ್ದು: ತಿಂಗಳಿಗೆ 20,000 ರೂಪಾಯಿ ಮೀರದ ಬಾಡಿಗೆಯಲ್ಲಿ ಕನಿಷ್ಠ 90 ದಿನ ಸತತವಾಗಿ ಉಳಿಯುವವರ ಹಾಸ್ಟೆಲ್, ಪಿಜಿ ವಸತಿಗೆ ಜಿಎಸ್‌ಟಿ ವಿನಾಯಿತಿ ಸಿಕ್ಕಿತು.

ಇಟಲಿಯ ಹುಡುಗರ ಪಾಡೂ ಬೇರೆಯಲ್ಲ. ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಹೆಚ್ಚು ಹುಟ್ಟುತ್ತದೆಂದು ಮಾಲೀಕರು ವಿದ್ಯಾರ್ಥಿಗಳಿಗೆ ಮನೆ ಕೊಡುವುದು ಕಡಿಮೆಯಾಯಿತು. 2023ರ ಮೇ ತಿಂಗಳಲ್ಲಿ ಮಿಲಾನಿನಲ್ಲಿ ವಿದ್ಯಾರ್ಥಿಗಳು ಕಾಲೇಜಿನ ಮುಂದೆ ಟೆಂಟು ಹಾಕಿ ಮಲಗಿದರು. ಬೊಲೋನ್ಯಾ, ಪಾದುವಾಗಳಿಗೂ ಅದು ಹಬ್ಬಿತು. ನಾಲ್ವರ ಪಂಚಾಯಿತಿ ಎಂದೋ ಹೋಗಿತ್ತು.

ಊರ ಹತ್ತಿರ ಬಂದ ವಿಶ್ವವಿದ್ಯಾಲಯ

ಕರ್ನಾಟಕ ವಿಶ್ವವಿದ್ಯಾಲಯದ ಸೀಮೆ ಒಂದು ಕಾಲಕ್ಕೆ ಬೀದರಿನವರೆಗೂ ಇತ್ತು. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾದವು. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಹಾವೇರಿಗೇ ಒಂದು ವಿಶ್ವವಿದ್ಯಾಲಯವಾಯಿತು, ಕೆರಿಮತ್ತಿಹಳ್ಳಿಯಲ್ಲಿ. ಎರಡು ವರ್ಷ ತುಂಬುವುದರೊಳಗೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಎದ್ದಿತು. ಮುಚ್ಚಿದರೆ ಮತ್ತೆ ಧಾರವಾಡದ ಬಸ್ಸೇ ಗತಿ.

ಅಂಕಪಟ್ಟಿ, ಮೈಗ್ರೇಷನ್ ಸರ್ಟಿಫಿಕೇಟು ಎಂದು ಎರಡು ದಿನ ಉಳಿಯುವವರು ಈಗ ಕಡಿಮೆ, ಅರ್ಧ ಕೆಲಸ ಮೊಬೈಲಿನಲ್ಲೇ ಆಗುತ್ತದೆ. ಹಾಗಂತ ಲಾಡ್ಜುಗಳು ಖಾಲಿ ಬಿದ್ದಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದ ಹೈಕೋರ್ಟು 2013ರಲ್ಲಿ ಕಾಯಂ ಪೀಠವಾಯಿತು. ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಸತ್ತೂರಿನ ಆಸ್ಪತ್ರೆ ಇದೆ. ಕಕ್ಷಿದಾರರು ಬರುತ್ತಾರೆ, ರೋಗಿಯ ಜೊತೆಗಿನವರು ಬರುತ್ತಾರೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಬಂದ ಮೇಲೆ ಹುಬ್ಬಳ್ಳಿಯಲ್ಲಿ ಉಳಿದು ಧಾರವಾಡದ ಕೆಲಸ ಮುಗಿಸುವವರೂ ಹೆಚ್ಚಿದ್ದಾರೆ.

ನಮ್ಮ ಬ್ಯಾಡಗಿಯಲ್ಲೂ ಲಾಡ್ಜು ತುಂಬುವ ಹಂಗಾಮಿದೆ, ಅದು ಮೆಣಸಿನಕಾಯಿಯದು. ಆಂಧ್ರ, ಬಳ್ಳಾರಿಯ ಕಡೆಯಿಂದ ಲಾರಿ ಹಿಡಿದು ಬಂದ ರೈತರು ಮಾತ್ರ ಹೆಚ್ಚಿನಂಶ ಪೇಟೆಯ ಅಂಗಳದಲ್ಲಿ ಚೀಲದ ಮೇಲೆಯೇ ಮಲಗುತ್ತಾರೆ, ಮಾಲು ಬಿಟ್ಟು ಹೋಗುವ ಧೈರ್ಯವಿಲ್ಲ. ಧಾರವಾಡದ ಹುಡುಗರೂ ಹಾಲ್ ಟಿಕೆಟ್ಟಿನ ಫೈಲನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಾರೆ.

ಅಗ್ಗದ ತಂಗುದಾಣದ ಮಾತು ಬಂದಾಗ ಮೋಟೆಬೆನ್ನೂರಿನವರಿಗೆ ಇನ್ನೊಬ್ಬ ಹುಡುಗನ ನೆನಪು ಬರಬೇಕು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೊರಟ 78 ಮಂದಿಯಲ್ಲಿ ಕರ್ನಾಟಕದಿಂದ ಇದ್ದವರು ನಮ್ಮೂರಿನ ಮೈಲಾರ ಮಹಾದೇವಪ್ಪ ಒಬ್ಬರೇ, ಆಗ ಹದಿನೆಂಟರ ಹರೆಯ. 24 ದಿನದ ನಡಿಗೆಯಲ್ಲಿ ತಂಗುವ ಹಳ್ಳಿಗಳಿಗೆ ಗಾಂಧೀಜಿ ಮೊದಲೇ ಹೇಳಿ ಕಳಿಸಿದ್ದರು: ಊಟ ಸಾದಾ ಇರಲಿ, ಸಿಹಿ ಬೇಡ, ಮಲಗಲು ಶುಚಿಯಾದ ಜಾಗವಿದ್ದರೆ ಸಾಕು.

ಭಾನುವಾರ ಬೆಳಿಗ್ಗೆ ಐದೂವರೆಗೆ ಲಾಡ್ಜಿನ ಕಾಮನ್ ಬಾತ್‌ರೂಮಿನ ಮುಂದೆ ಬಕೆಟ್ಟುಗಳ ಸಾಲು ನಿಂತಿರುತ್ತದೆ. ಡಬಲ್ ರೂಮಿನ ನಾಲ್ವರಲ್ಲಿ ಒಬ್ಬ ಗೋಡೆಗೊರಗಿ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಾನೆ, ಇನ್ನೊಬ್ಬ ತಪ್ಪು ತಿದ್ದುತ್ತಾನೆ. ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದವರು. ಕೆಳಗೆ ಕೌಂಟರಿನಲ್ಲಿ ಯಜಮಾನರು ರಿಜಿಸ್ಟರಿನ ಹೊಸ ಪುಟ ತೆರೆದು ಪೆನ್ನಿಗೆ ದಾರ ಕಟ್ಟುತ್ತಿರುತ್ತಾರೆ, ನಿನ್ನೆಯ ಪೆನ್ನನ್ನು ಯಾರೋ ಪರೀಕ್ಷೆಗೆ ಒಯ್ದಿದ್ದಾರೆ.